9ನೇ ಕ್ಲಾಸಿನ ಮಗಳಿಗೆ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಕೋರ್ಸ್: ಯಾವುದಕ್ಕೆ ಸೇರಿಸಲಿ?

ವಿಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು 9ನೇ ತರಗತಿ, ಸ್ಟೇಟ್ ಸಿಲಬಸ್. ಲೆಕ್ಕದಲ್ಲಿ ಮೊದಲಿಂದಲೂ ಚುರುಕು. ಬೇಸಿಗೆ ರಜೆಯಲ್ಲಿ ಅವರಪ್ಪನ ಹಳೇ ಲ್ಯಾಪ್‌ಟಾಪ್ ಹಿಡಿದು, ಯೂಟ್ಯೂಬ್ ನೋಡಿಕೊಂಡು ತಾನೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದಳು.

ಮೊನ್ನೆ ನಾನು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. 11ರಿಂದ 6, ಮಧ್ಯ ಚುಕ್ಕಿ. ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಒಳಗೆ ಹೋಗಿ ಒಂದು ಗಂಟೆ ಕೂತು ಕರೆದಳು. ಹೋಗಿ ನೋಡಿದರೆ ಪರದೆ ಮೇಲೆ ಅದೇ ಚುಕ್ಕಿಗಳು! ಮೇಲೆ 6, ಅದರ ಕೆಳಗೆ 7, ಹಾಗೇ 11ರವರೆಗೆ. ಎರಡು ಚುಕ್ಕಿಯ ನಡುವೆಯೇ ಮುಂದಿನ ಸಾಲಿನ ಚುಕ್ಕಿ ಬಂದಿತ್ತು. ಕೆಳಗಿನ ಅರ್ಧ ಇನ್ನೂ ಬರುತ್ತಿಲ್ಲವಂತೆ, ಮಾಡುತ್ತಿದ್ದಾಳೆ.

ಶಾಲೆಯ ಕಂಪ್ಯೂಟರ್ ಪೀರಿಯಡ್‌ನಲ್ಲಿ ಇದೆಲ್ಲ ಹೇಳಿಕೊಡುವುದಿಲ್ಲ. ಈ ನಡುವೆ ಒಂದು ಆನ್‌ಲೈನ್ ಕಂಪನಿಯವರು ಡೆಮೊ ಕ್ಲಾಸ್ ಕೊಟ್ಟರು. ನಿಮ್ಮ ಮಗಳು ತುಂಬಾ ಟ್ಯಾಲೆಂಟೆಡ್, ವರ್ಷಕ್ಕೆ 60 ಸಾವಿರ, ಇವತ್ತೇ ಕಟ್ಟಿದರೆ 45ಕ್ಕೆ ಬಿಡುತ್ತೇವೆ ಅಂದರು. ನಾನು ಟೈಲರಿಂಗ್ ಮಾಡುತ್ತೇನೆ. ನಮ್ಮ ಯಜಮಾನರದ್ದು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಇಬ್ಬರಿಗೂ ಈ ವಿಷಯ ಗೊತ್ತಿಲ್ಲ. ಅವಳಿಗೆ ಒಳ್ಳೆಯದಾಗುತ್ತದೆ ಅಂದರೆ ಸಾಲ ಮಾಡಿಯಾದರೂ ಕಟ್ಟುತ್ತೇವೆ. ಆದರೆ ಇದು ಸರಿಯಾ? ಬೇರೆ ದಾರಿ ಇದೆಯಾ? ಗೊತ್ತಿದ್ದವರು ಹೇಳಿ.

ಪೀಣ್ಯದವನು

ಕಟ್ಟಬೇಡಿ ಮೇಡಂ. ಇವತ್ತೇ ಕಟ್ಟಿ ಅನ್ನುವವರಿಗೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿಡಿ.

ಕೆಂಗೇರಿ ಅಪ್ಪ

ನಾನು ಕಟ್ಟಿದವನು, ಅದಕ್ಕೇ ಹೇಳುತ್ತಿದ್ದೇನೆ. ಮಗ 8ನೇ ಕ್ಲಾಸಿನಲ್ಲಿದ್ದಾಗ ಇಂಥದ್ದೇ ಒಂದು ಕಡೆ ಸೇರಿಸಿದೆ. ಒಬ್ಬರಿಗೆ ಒಬ್ಬರೇ ಟೀಚರ್ ಅಂದರು. ಏಳು ತಿಂಗಳಲ್ಲಿ ನಾಲ್ಕು ಟೀಚರ್ ಬದಲಾದರು. ಹೊಸಬರು ಬಂದಾಗಲೆಲ್ಲ ಮತ್ತೆ ಮೊದಲಿಂದ. ಕೊನೆಗೆ ‘ನಿಮ್ಮ ಮಗ ಆ್ಯಪ್ ಮಾಡಿದ’ ಅಂತ ಸರ್ಟಿಫಿಕೇಟ್ ಬಂತು. ಮನೆಯಲ್ಲಿ ಕೂರಿಸಿಕೊಂಡು ಕೇಳಿದೆ, ಇದರಲ್ಲಿ ಈ ಬಟನ್ ಒತ್ತಿದರೆ ಏನಾಗುತ್ತೆ, ಯಾಕಾಗುತ್ತೆ ಅಂತ. ಅವನು ಸುಮ್ನೆ ತಲೆ ತಗ್ಗಿಸಿದ. ಟೀಚರ್ ಹೇಳಿದ ಕಡೆ ಸಿದ್ಧ ಕೋಡಿನ ಬ್ಲಾಕ್ ಎಳೆದು ಇಟ್ಟಿದ್ದ, ಅಷ್ಟೆ. ತಪ್ಪು ಅವನದಲ್ಲ. ಇಎಂಐ ನಿಲ್ಲಿಸಲು ಐದು ತಿಂಗಳು ಓಡಾಡಿದೆ.

ನಿಮ್ಮ ಮಗಳು ರಂಗೋಲಿ ನೋಡಿ ತಾನೇ ಬರೆದಿದ್ದಾಳಲ್ಲ, ಅದು ನನ್ನ ಮಗನ ಸರ್ಟಿಫಿಕೇಟಿಗಿಂತ ದೊಡ್ಡದು.

ನಾಗವಾರ ಕೋಡರ್

ಅಮ್ಮನವರೇ, ನಾನು 14 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಸಲಹೆ ಒಂದೇ: ಸಿಎಸ್50. ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಕಂಪ್ಯೂಟರ್ ಸೈನ್ಸ್ ಕೋರ್ಸ್ ಅದು. ಡೇವಿಡ್ ಮಾಲನ್ ಪಾಠ ಮಾಡುತ್ತಾರೆ. ಪೂರ್ತಿ ಉಚಿತ. ಮೊದಲ ವಾರ ಸ್ಕ್ರ್ಯಾಚ್ (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವುದು), ಆಮೇಲೆ ಸಿ ಭಾಷೆ, ಆಮೇಲೆ ಪೈಥಾನ್, ಎಸ್‌ಕ್ಯೂಎಲ್ (ಮಾಹಿತಿ ಹುಡುಕುವ ಭಾಷೆ), ವೆಬ್. ನಮ್ಮ ಟೈಮಿಗೆ ತಕ್ಕಂತೆ ನೋಡಬಹುದು. ಬ್ರೌಸರ್‌ನಲ್ಲೇ ಪ್ರೋಗ್ರಾಂ ಬರೆಯಬಹುದು. ಹಳೇ ಲ್ಯಾಪ್‌ಟಾಪ್ ಸಾಕು.

ಇನ್ನೊಂದು ಖುಷಿಯ ವಿಷಯ. ಸಿ ಭಾಷೆ ಕಲಿಸುವ ವಾರದಲ್ಲಿ ‘ಮಾರಿಯೋ’ ಅಂತ ಒಂದು ಲೆಕ್ಕ ಕೊಡುತ್ತಾರೆ. ಹ್ಯಾಷ್ ಗುರುತುಗಳಿಂದ ಪಿರಮಿಡ್ ಕಟ್ಟಬೇಕು. ಪ್ರತಿ ಸಾಲಲ್ಲಿ ಮೊದಲು ಎಷ್ಟು ಖಾಲಿ ಜಾಗ, ಆಮೇಲೆ ಎಷ್ಟು ಗುರುತು ಅಂತ ಯೋಚಿಸುವುದೇ ಅದರ ಗುಟ್ಟು. ನಿಮ್ಮ ಮಗಳು ನಿಮ್ಮ ರಂಗೋಲಿಯಲ್ಲಿ ಅದನ್ನೇ ಮಾಡಿದ್ದಾಳೆ. ಯಾರೂ ಹೇಳಿಕೊಡದೆ.

ಸರ್ಟಿಫಿಕೇಟ್ ಬೇಕಾ?

ಉಚಿತ ಅಂತಾರೆ, ಕೊನೆಗೆ ಸರ್ಟಿಫಿಕೇಟಿಗೆ ದುಡ್ಡು ಕೇಳುತ್ತಾರೆ. ಈ ಕೋರ್ಸ್ ಸಿಗುವ ಎಡ್‌ಎಕ್ಸ್ ತಾಣದಲ್ಲಿ ನಾನೇ ನೋಡಿದ್ದೇನೆ.

ನಾಗವಾರ ಕೋಡರ್

@ಸರ್ಟಿಫಿಕೇಟ್ ಬೇಕಾ? ಅರ್ಧ ಸರಿ. ಎಡ್‌ಎಕ್ಸ್ ಕೊಡುವ ವೆರಿಫೈಡ್ ಸರ್ಟಿಫಿಕೇಟಿಗೆ ದುಡ್ಡು. ಆದರೆ ಎಲ್ಲ ಪ್ರಾಬ್ಲಮ್ ಸೆಟ್ (ವಾರವಾರ ಕೊಡುವ ಲೆಕ್ಕಗಳು) ಮತ್ತು ಕೊನೆಯ ಪ್ರಾಜೆಕ್ಟ್ ಮುಗಿಸಿದರೆ ಸಿಎಸ್50 ತಂಡವೇ ಇನ್ನೊಂದು ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ ಕಾಸಿಲ್ಲ. 9ನೇ ಕ್ಲಾಸಿನ ಹುಡುಗಿಗೆ ಅದು ಧಾರಾಳ ಸಾಕು.

ಪಿಯು ಮೇಷ್ಟ್ರು

ಎಲ್ಲರೂ ಉತ್ಸಾಹದಲ್ಲಿ ಹೇಳುತ್ತಿದ್ದೀರಿ. ನಾನು 20 ವರ್ಷದಿಂದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ಒಂದು ಮಾತು ಬೇಸರವಾದರೂ ಹೇಳಬೇಕು. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಪೇಪರ್ ಇಲ್ಲ. ಜೆಇಇಯಲ್ಲೂ ಇಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಸೆಕೆಂಡ್ ಪಿಯುನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಪಿಸಿಎಂಸಿ ತಗೊಂಡವರ ಕಂಪ್ಯೂಟರ್ ಅಂಕವೂ ಅಲ್ಲಿ ಲೆಕ್ಕಕ್ಕಿಲ್ಲ. ದಿನಾ ರಾತ್ರಿ ಕೋಡಿಂಗ್ ಅಂತ ಕೂತು ಫಿಸಿಕ್ಸ್ ಕೈಬಿಟ್ಟ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಕೊನೆಗೆ ಒಳ್ಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟೇ ಸಿಗಲಿಲ್ಲ. ನನಗೆ ಆ ಮಕ್ಕಳ ಬಗ್ಗೆ ಈಗಲೂ ಸಂಕಟ ಇದೆ.

ಮಲ್ಲೇಶ್ವರ ಎಂಟನೇ ಅಡ್ಡರಸ್ತೆ

ಮೇಷ್ಟ್ರೇ, ಈ ಹುಡುಗಿ ಇನ್ನೂ 9ನೇ ಕ್ಲಾಸು. ಸಿಇಟಿಗೆ ಮೂರು ವರ್ಷ ಇದೆ. ಈಗಲೇ ಎಲ್ಲ ಬಾಗಿಲು ಹಾಕಿಬಿಟ್ಟರೆ ಹೇಗೆ?

ಪಿಯು ಮೇಷ್ಟ್ರು

ಹಾಕಿ ಅನ್ನಲಿಲ್ಲ. ಈಗ ಕಲಿಯಲಿ, ಎಸ್ಸೆಸ್ಸೆಲ್ಸಿ ರಜೆಯಲ್ಲೂ ಕಲಿಯಲಿ. ಸೆಕೆಂಡ್ ಪಿಯುಗೆ ಬಂದಾಗ ಕಡಿಮೆ ಮಾಡಲಿ ಅಂತ. ಆ ಲೆಕ್ಕ ಈಗಲೇ ಮನಸ್ಸಲ್ಲಿರಲಿ.

ಹಳೇ ಒಲಿಂಪಿಯಾಡಿಗ

ಮೇಷ್ಟ್ರು ಹೇಳಿದ್ದು ಸಿಇಟಿ ಮಟ್ಟಿಗೆ ನಿಜ. ಆದರೆ ಇನ್ನೊಂದು ದಾರಿ ಇದೆ. ಬೆಂಗಳೂರಲ್ಲಿ ತುಂಬಾ ಜನ ತಂದೆತಾಯಿಗೆ ಗೊತ್ತೇ ಇಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಗಣಿತಕ್ಕೆ ಒಲಿಂಪಿಯಾಡ್ ಇರುವ ಹಾಗೆ ಪ್ರೋಗ್ರಾಮಿಂಗಿಗೂ ಇದೆ. ಹೆಸರು ಇಂಡಿಯನ್ ಕಂಪ್ಯೂಟಿಂಗ್ ಒಲಿಂಪಿಯಾಡ್. ನಡೆಸುವುದು ಐಎಆರ್‌ಸಿಎಸ್ ಅನ್ನುವ ಸಂಸ್ಥೆ. ಮೊದಲು ಝೋನಲ್ ಹಂತ, ಅದರಲ್ಲಿ ಗೆದ್ದವರಿಗೆ ಐಎನ್‌ಒಐ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ, ಅದರಲ್ಲಿ ಮೇಲೆ ಬಂದವರಿಗೆ ತರಬೇತಿ ಶಿಬಿರ. ಅಲ್ಲಿಂದ ನಾಲ್ಕು ಜನ ಭಾರತದ ತಂಡವಾಗಿ ಅಂತರರಾಷ್ಟ್ರೀಯ ಒಲಿಂಪಿಯಾಡಿಗೆ ಹೋಗುತ್ತಾರೆ. ಅದು 1989ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದದ್ದು. ಶಿಬಿರದವರೆಗೆ ಬಂದ ಮಕ್ಕಳಿಗೆ ಐಐಐಟಿ ಹೈದರಾಬಾದಿನಲ್ಲಿ ಪ್ರತ್ಯೇಕ ಪ್ರವೇಶದ ದಾರಿಯೂ ಇದೆ.

ನಾನು ರಾಷ್ಟ್ರಮಟ್ಟದ ಪರೀಕ್ಷೆವರೆಗೆ ಹೋದೆ, ಶಿಬಿರ ಸಿಗಲಿಲ್ಲ. ಆದರೂ ಆ ಎರಡು ವರ್ಷ ನನ್ನ ತಲೆಯನ್ನು ಬದಲಿಸಿತು. ಅಲ್ಲಿ ಪ್ರೋಗ್ರಾಂ ಭಾಷೆ ಎಷ್ಟು ಗೊತ್ತು ಅಂತ ಕೇಳುವುದಿಲ್ಲ. ಉದಾಹರಣೆಗೆ ಒಂದು ಲಕ್ಷ ಸಂಖ್ಯೆ ಕೊಟ್ಟು, ಇದರಲ್ಲಿ ಯಾವುದಾದರೂ ಎರಡು ಒಂದೇ ಇವೆಯಾ, ಒಂದು ಸೆಕೆಂಡಲ್ಲಿ ಉತ್ತರ ಹೇಳು ಅನ್ನುತ್ತಾರೆ. ಪ್ರತಿಯೊಂದು ಜೋಡಿಯನ್ನೂ ಹೋಲಿಸುತ್ತಾ ಹೋದರೆ ಸುಮಾರು 500 ಕೋಟಿ ಹೋಲಿಕೆ, ಟೈಮ್ ಸಾಲುವುದಿಲ್ಲ. ಮೊದಲು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಕೊಂಡರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಕೆಲಸ ಅದೇ, ಯೋಚನೆ ಬೇರೆ. ಅದನ್ನು ಮೊದಲ ಸಲ ಕಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ತಯಾರಿಗೆ ದುಡ್ಡು ಬೇಡ. ಐಎಆರ್‌ಸಿಎಸ್ ತಾಣದಲ್ಲೇ ಪಾಠಗಳಿವೆ. ಅಮೆರಿಕದ ಯುಎಸ್‌ಎಸಿಒ ಸ್ಪರ್ಧೆಯನ್ನು ನಮ್ಮ ಮಕ್ಕಳೂ ಮನೆಯಿಂದ ಬರೆಯಬಹುದು. ಬ್ರಾಂಜ್‌ನಿಂದ ಶುರು, ಆಮೇಲೆ ಸಿಲ್ವರ್, ಗೋಲ್ಡ್, ಪ್ಲಾಟಿನಂ. ಫಿನ್ಲೆಂಡಿನವರ ಸಿಎಸ್‌ಇಎಸ್ ಅಂತ ಒಂದು ಪ್ರಾಬ್ಲಮ್ ಸೆಟ್ ಇದೆ, ಅದೂ ಉಚಿತ. ನಾನು ಈಗಲೂ ಬಿಡುವಾದಾಗ ಅದರಲ್ಲಿ ಒಂದೊಂದು ಮಾಡುತ್ತೇನೆ.

ಪಿಯು ಮೇಷ್ಟ್ರು

ಐಐಐಟಿ ಹೈದರಾಬಾದ್ ವಿಷಯ ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್. ಆದರೆ ಶಿಬಿರಕ್ಕೆ ಹೋಗುವವರು ಇಡೀ ದೇಶದಲ್ಲಿ ಎಷ್ಟು ಜನ? ಅದನ್ನೇ ನಂಬಿಕೊಂಡು ಕೂರಬೇಡಿ.

ಹಳೇ ಒಲಿಂಪಿಯಾಡಿಗ

ಒಪ್ಪುತ್ತೇನೆ ಸರ್. ಸೀಟಿಗಾಗಿ ಬರೆಯುವ ಪರೀಕ್ಷೆ ಅಲ್ಲ ಅದು. ಇಷ್ಟ ಇದ್ದರೆ ಬರೆಯಬೇಕು.

ಸೆಕೆಂಡ್ ಪಿಯು ಹುಡುಗ

ನಾನು ಸಿಎಸ್50 ಮುಗಿಸಿದ್ದೇನೆ. 10ನೇ ಕ್ಲಾಸ್ ಪರೀಕ್ಷೆ ಮುಗಿದ ಮೇಲೆ ಶುರು ಮಾಡಿದೆ. ನಾಲ್ಕು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಬಿಟ್ಟೆ.

ಬಿಟ್ಟಿದ್ದು ಮೂರನೇ ವಾರದ ‘ಟೈಡ್‌ಮನ್’ ಅನ್ನುವ ಲೆಕ್ಕದಲ್ಲಿ. ವೋಟಿನ ಲೆಕ್ಕ ಅದು. ಒಬ್ಬರು ಇನ್ನೊಬ್ಬರ ಮೇಲೆ ಗೆದ್ದಿದ್ದನ್ನು ಬಾಣದ ಗುರುತಿನಲ್ಲಿ ತೋರಿಸುತ್ತಾ ಹೋಗಬೇಕು, ಆದರೆ ಬಾಣಗಳು ಸುತ್ತು ಹೊಡೆದು ಹೊರಟಲ್ಲಿಗೇ ವಾಪಸ್ ಬರಬಾರದು. ಆರು ದಿನ ಒದ್ದಾಡಿದೆ. ಕೊನೆಗೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬಾಣ ಬರೆದು ನೋಡಿದಾಗ ಗೊತ್ತಾಯಿತು.

ಮರೆಯಲಾಗದ್ದು ನಾಲ್ಕನೇ ವಾರದ ‘ರಿಕವರ್’. ಕ್ಯಾಮೆರಾ ಕಾರ್ಡಿನಿಂದ ಅಳಿಸಿಹೋದ ಫೋಟೋಗಳನ್ನು ವಾಪಸ್ ತೆಗೆಯಬೇಕು. 512 ಬೈಟಿನ ಒಂದೊಂದು ತುಂಡು ಓದುತ್ತಾ ಹೋಗಬೇಕು. ಪ್ರತಿ ಜೆಪೆಗ್ ಫೈಲಿನ ತಲೆಯಲ್ಲಿ ಒಂದು ಗುರುತು ಇರುತ್ತದೆ, ಎಫ್‌ಎಫ್ ಡಿ8 ಎಫ್‌ಎಫ್ ಅಂತ. ಆ ಗುರುತು ಕಂಡರೆ ಹೊಸ ಫೋಟೋ ಶುರು. ನಾನು ಬರೆದ ಪ್ರೋಗ್ರಾಂ ಓಡಿಸಿದಾಗ ಪಕ್ಕದಲ್ಲಿ ಒಂದೊಂದೇ ಫೈಲ್ ಬರತೊಡಗಿತು. ಸೊನ್ನೆಯಿಂದ 49ರವರೆಗೆ, ಒಟ್ಟು 50. ಮೊದಲನೆಯದನ್ನು ತೆರೆದೆ. ನಿಜವಾದ ಫೋಟೋ! ಅಡುಗೆಮನೆಗೆ ಓಡಿಹೋಗಿ ಅಜ್ಜಿಯನ್ನು ಎಳೆದುಕೊಂಡು ಬಂದು ತೋರಿಸಿದೆ.

ಅಕ್ಕನ ಮಗಳಿಗೂ ಅದನ್ನೇ ಹೇಳಿದ್ದೇನೆ. ವಿಡಿಯೋ ನೋಡುವುದಲ್ಲ, ಪ್ರಾಬ್ಲಮ್ ಸೆಟ್ ಮಾಡಬೇಕು. ವಿಡಿಯೋ ನೋಡಿದರೆ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತೆ, ಬರೆಯಲು ಕೂತಾಗಲೇ ಗೊತ್ತಾಗೋದು.

ವಿಜಯನಗರದ ಅಮ್ಮ

ನಿನ್ನ ಬರಹ ಮಗಳಿಗೆ ಓದಿ ಹೇಳಿದೆ ಕಂದ. ‘ಫೋಟೋ ವಾಪಸ್ ತರೋದು ನಾನೂ ಮಾಡಬೇಕು’ ಅಂತಿದ್ದಾಳೆ. ಕಣ್ಣು ಅರಳಿತು ಅವಳಿಗೆ.

ಬನಶಂಕರಿ ಎರಡನೇ ಹಂತ

ಇಷ್ಟೆಲ್ಲ ಯಾಕೆ ಕಲಿಯಬೇಕು ಅಂತ ನನಗೆ ನಿಜವಾಗಲೂ ಅರ್ಥವಾಗುತ್ತಿಲ್ಲ. ಈಗ ಎಐಗೆ ಹೇಳಿದರೆ ಅದೇ ಪ್ರೋಗ್ರಾಂ ಬರೆದುಕೊಡುತ್ತದೆ. ರಂಗೋಲಿ ಚುಕ್ಕಿ ಎರಡು ಸೆಕೆಂಡಿನ ಕೆಲಸ. ಮಕ್ಕಳು ಅದನ್ನು ಬಳಸಲು ಕಲಿತರೆ ಸಾಕಲ್ವಾ?

ನಾಗವಾರ ಕೋಡರ್

ನಾನು ದಿನಾ ಎಐ ಬಳಸುತ್ತೇನೆ, ಹಾಗಾಗಿ ಹೇಳುತ್ತೇನೆ. ಅದು ಬರೆದುಕೊಟ್ಟದ್ದು ಸರಿಯಾ ತಪ್ಪಾ ಅಂತ ನೋಡುವವನು ನಾನು. ನೋಡಲು ನನಗೆ ಗೊತ್ತಿರಬೇಕು. ಹೋದ ತಿಂಗಳು ನಮ್ಮ ಟೀಮಿನ ಹೊಸ ಹುಡುಗ ಎಐ ಕೊಟ್ಟ ಕೋಡನ್ನು ಹಾಗೇ ಹಾಕಿದ. ಹತ್ತು ದಾಖಲೆ ಇದ್ದಾಗ ಚೆನ್ನಾಗಿತ್ತು, ಲಕ್ಷ ದಾಖಲೆ ಬಂದಾಗ ನಿಂತುಹೋಯಿತು. ಯಾಕೆ ನಿಂತಿತು ಅಂತ ಅವನಿಗೆ ಹೇಳಲಾಗಲಿಲ್ಲ. ಮೇಲೆ ಒಲಿಂಪಿಯಾಡಿಗರು ಹೇಳಿದರಲ್ಲ ಜೋಡಿಸುವ ಯೋಚನೆ, ಅದು ತಲೆಯಲ್ಲಿದ್ದಿದ್ದರೆ ಹತ್ತು ನಿಮಿಷದ ಕೆಲಸ.

ಬನಶಂಕರಿ ಎರಡನೇ ಹಂತ

ಅದು ನಿಮ್ಮಂಥ ಎಂಜಿನಿಯರಿಗೆ. 14 ವರ್ಷದ ಹುಡುಗಿಗೆ ಅಲ್ಲ.

ಸೆಕೆಂಡ್ ಪಿಯು ಹುಡುಗ

ಸಿಎಸ್50 ನಿಯಮದಲ್ಲಿ ಚಾಟ್‌ಜಿಪಿಟಿ ಬಳಸುವ ಹಾಗಿಲ್ಲ. ಅವರದ್ದೇ ಒಂದು ಎಐ ಸಹಾಯಕ ಇದೆ, ಬಾತುಕೋಳಿ ಅಂತ ಕರೆಯುತ್ತಾರೆ. ಏನಾದರೂ ಕೇಳಿದರೆ ಉತ್ತರ ಕೊಡುವುದಿಲ್ಲ, ಯೋಚಿಸಲು ದಾರಿ ತೋರಿಸುತ್ತದೆ. ಟೈಡ್‌ಮನ್ ಮಾಡುವಾಗ ಅದು ನನಗೆ ‘ಒಂದು ಚಿತ್ರ ಬರೆದು ನೋಡಿದೆಯಾ’ ಅಂತ ಕೇಳಿತ್ತು. ಪೆನ್ಸಿಲ್ ಹಿಡಿದದ್ದು ಆಮೇಲೆ.

ರಾಜಾಜಿನಗರ ಅಕ್ಕ

@ಬನಶಂಕರಿ, ಕ್ಯಾಲ್ಕುಲೇಟರ್ ಇದೆ ಅಂತ ಮಕ್ಕಳಿಗೆ ಮಗ್ಗಿ ಬಿಡಿಸಿದೆವಾ? ಇದೂ ಹಾಗೇ.

ಬನಶಂಕರಿ ಎರಡನೇ ಹಂತ

ಬಿಡಿಸಲಿಲ್ಲ, ಸರಿ. ಆದರೆ ಈ ಮಗು ದೊಡ್ಡವಳಾಗುವಷ್ಟರಲ್ಲಿ ಕೆಲಸ ಹೇಗಿರುತ್ತೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಭಯ ಅಷ್ಟೇ.

ಮಾಗಡಿ ರೋಡ್ ಮಾಸ್ತರ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಇಲ್ಲಿ ಯಾರೂ ಕೇಳದ ಒಂದು ವಿಷಯ ಹೇಳುತ್ತೇನೆ. ಈ ಕೋರ್ಸ್‌ಗಳೆಲ್ಲ ಇಂಗ್ಲಿಷಿನಲ್ಲಿವೆ. ನನ್ನ ಮಕ್ಕಳು ಕನ್ನಡ ಮಾಧ್ಯಮ. ಅವರಲ್ಲಿ ಚುರುಕಿನವರು ಇಲ್ವಾ? ಇದ್ದಾರೆ. ಹಾರ್ವರ್ಡಿನ ಮೇಷ್ಟ್ರು ಮಾತಾಡುವ ವೇಗಕ್ಕೆ ಅವರಿಗೆ ಒಂದು ವಾಕ್ಯವೂ ಹಿಡಿಯುವುದಿಲ್ಲ.

ನಾನು ಮಾಡುವುದು ಹೀಗೆ. ಶನಿವಾರ ಮಧ್ಯಾಹ್ನ ಐದಾರು ಮಕ್ಕಳು ಉಳಿದುಕೊಳ್ಳುತ್ತಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ. ಹತ್ತು ನಿಮಿಷದ ಆಸುಪಾಸಿನ ಚಿಕ್ಕ ಪಾಠಗಳು, ಕನ್ನಡದಲ್ಲೂ ಧ್ವನಿ ಕೊಟ್ಟಿದ್ದಾರೆ. ಅದರಿಂದ ಶುರು. ಇಂಗ್ಲಿಷ್ ವಿಡಿಯೋ ಆದರೆ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ವೇರಿಯಬಲ್ ಅಂದರೆ ಅಡುಗೆಮನೆಯ ಡಬ್ಬಿ. ಮೇಲೆ ಚೀಟಿ ಅಂಟಿಸಿದೆ, ಒಳಗಿರುವುದು ಬದಲಾಗಬಹುದು. ಇವತ್ತು ಅಕ್ಕಿ, ನಾಳೆ ರಾಗಿ. ಒಂದೇ ದಿನದಲ್ಲಿ ಹಿಡಿದರು.

ಹೋದ ತಿಂಗಳು ಒಬ್ಬ ಹುಡುಗ ಪದವನ್ನು ತಿರುಗಿಸಿ ಓದಿದರೂ ಒಂದೇನಾ ಅಂತ ನೋಡುವ ಪ್ರೋಗ್ರಾಂ ಬರೆದ. ‘ಕನಕ’ ಕೊಟ್ಟ. ಹೌದು ಅಂತ ಬಂತು. ‘ವಿಕಟಕವಿ’ ಕೊಟ್ಟ. ಅಲ್ಲ ಅಂತ ಬಂತು! ‘ಸಾರ್, ಕಂಪ್ಯೂಟರ್‌ಗೆ ಕನ್ನಡ ಬರಲ್ಲ’ ಅಂದ. ನನಗೂ ತಕ್ಷಣ ಹೊಳೆಯಲಿಲ್ಲ. ಎರಡು ದಿನ ಬೇಕಾಯಿತು. ಕಂಪ್ಯೂಟರ್ ‘ವಿ’ಯನ್ನು ಒಂದು ಅಕ್ಷರ ಅಂತ ನೋಡುವುದಿಲ್ಲ. ‘ವ’ ಬೇರೆ, ಗುಡಿಸು ಬೇರೆ. ತಿರುಗಿಸಿದಾಗ ಗುಡಿಸು ಮೊದಲು ಬಂದು ‘ವ’ ಆಮೇಲೆ ಬರುತ್ತದೆ. ‘ಕನಕ’ದಲ್ಲಿ ಗುಣಿತವೇ ಇಲ್ಲ, ಅದಕ್ಕೆ ಸರಿಯಾಯಿತು. ಇದನ್ನು ಬೋರ್ಡ್ ಮೇಲೆ ಬರೆದಾಗ ಆ ಐದೂ ಮಕ್ಕಳು ಎದ್ದು ನಿಂತಿದ್ದರು. ಪ್ರತಿ ಅಕ್ಷರಕ್ಕೂ ಗುಣಿತದ ಗುರುತಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪಾಠ ಅವತ್ತು ತಾನಾಗಿ ಆಯಿತು.

ನಾಗವಾರ ಕೋಡರ್

ಮಾಸ್ತರೇ, ಕೈಮುಗಿದೆ. ನಮ್ಮ ಆಫೀಸಲ್ಲಿ ಇದು ಗೊತ್ತಿಲ್ಲದವರು ಎಷ್ಟು ಜನ ಇದ್ದಾರೆ! ‘ಬೆಂಗಳೂರು’ ಎಷ್ಟು ಅಕ್ಷರ ಅಂತ ಪೈಥಾನ್ ಕೇಳಿದರೆ 8 ಅನ್ನುತ್ತದೆ. ಓದುವ ನಮಗೆ ನಾಲ್ಕು.

ಗಾಂಧಿಬಜಾರ್ ಓದುಗ

8 ಹೇಗೆ? ಬೆಂ, ಗ, ಳೂ, ರು. ನಾಲ್ಕೇ.

ಮಾಗಡಿ ರೋಡ್ ಮಾಸ್ತರ

ಬ, ಅದರ ಎತ್ವ, ಸೊನ್ನೆ: ಮೂರು. ಗ: ನಾಲ್ಕು. ಳ ಮತ್ತು ಊಕಾರದ ಕೊಂಬು: ಆರು. ರ ಮತ್ತು ಉಕಾರದ ಕೊಂಬು: ಎಂಟು.

ಗಾಂಧಿಬಜಾರ್ ಓದುಗ

ಓಹ್, ಸರಿ. ಹಾಗಾದರೆ ‘ಕ್ಷ’ ಮೂರಾಗಬೇಕು ಅಲ್ವಾ? ಕ, ಅರ್ಧಾಕ್ಷರದ ಗುರುತು, ಷ?

ಮಾಗಡಿ ರೋಡ್ ಮಾಸ್ತರ

ಸರಿಯಾಗಿ ಹೇಳಿದಿರಿ.

ಗಾಂಧಿಬಜಾರ್ ಓದುಗ

ವೇರಿಯಬಲ್‌ಗೆ ಕನ್ನಡದಲ್ಲಿ ‘ಚರಾಕ್ಷರ’ ಅಂತ ಪದ ಇದೆಯಲ್ಲ. ಅದನ್ನೇ ಬಳಸಬಹುದಿತ್ತು.

ರಾಜಾಜಿನಗರ ಅಕ್ಕ

ಡಬ್ಬಿ ಅಂದರೆ ನನಗೂ ಅರ್ಥವಾಯಿತು. ಚರಾಕ್ಷರ ಅಂದರೆ ಮತ್ತೊಂದು ಟ್ಯೂಷನ್ ಬೇಕು.

ಗಾಂಧಿಬಜಾರ್ ಓದುಗ

ಮೊದಲು ಡಬ್ಬಿಯಿಂದ ಅರ್ಥ ಮಾಡಿಸಿ, ಆಮೇಲೆ ಪದ ಹೇಳಿಕೊಡಲಿ ಅಂತ ನನ್ನ ಆಸೆ. ಗಣಿತ ಪುಸ್ತಕದಲ್ಲಿ ಮಕ್ಕಳು ಆ ಪದ ಓದೇ ಇರುತ್ತಾರೆ. ನಮ್ಮ ಭಾಷೆಯಲ್ಲಿ ಈ ವಿಷಯ ಬೆಳೆಯಬೇಕು ಅಂದರೆ ಯಾರಾದರೂ ಬಳಸಬೇಕಲ್ವಾ?

ಯಲಹಂಕ ಲೈನ್

ವಿಷಯ ಎಲ್ಲಿಗೋ ಹೋಯಿತು. ಅಮ್ಮ ಕೇಳಿದ್ದು ಕೋರ್ಸ್ ಬಗ್ಗೆ. ಎನ್‌ಪಿಟಿಇಎಲ್ ಯಾರೂ ಹೇಳಲೇ ಇಲ್ಲ! ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಅದು. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಅದರಲ್ಲಿದೆ. 8 ವಾರ. ಭಾಷೆ ಕಲಿಸುವ ಮೊದಲೇ ಅವರು ಮಸಾಅ ಹಿಡಿದುಕೊಳ್ಳುತ್ತಾರೆ. ನಾವು ಶಾಲೆಯಲ್ಲಿ ಮಾಡಿದ ಮಹತ್ತಮ ಸಾಮಾನ್ಯ ಅಪವರ್ತನ. ಮೊದಲು ಎಲ್ಲ ಅಪವರ್ತನ ಪಟ್ಟಿ ಮಾಡುವ ದಾರಿ, ಆಮೇಲೆ ಪಟ್ಟಿಯೇ ಬೇಡ ಅನ್ನುವ ದಾರಿ, ಕೊನೆಗೆ ಭಾಗಾಕಾರದ ಶೇಷ ಹಿಡಿದು ಹೋಗುವ ಯೂಕ್ಲಿಡ್ ದಾರಿ. ಲೆಕ್ಕ ಇಷ್ಟಪಡುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ. ಸೇರಲು ಶುಲ್ಕ ಇಲ್ಲ, ಸರ್ಟಿಫಿಕೇಟ್ ಪರೀಕ್ಷೆ ಬರೆದರೆ ಮಾತ್ರ.

ಮಲ್ಲೇಶ್ವರ ಎಂಟನೇ ಅಡ್ಡರಸ್ತೆ

ಅದು ಕಾಲೇಜು ಮಕ್ಕಳಿಗೆ ಮಾಡಿದ್ದು. 9ನೇ ಕ್ಲಾಸಿಗೆ ಭಾರ ಆಗಲ್ವಾ?

ಯಲಹಂಕ ಲೈನ್

ಮೊದಲ ಮೂರು ನಾಲ್ಕು ವಾರ ಆಗಲ್ಲ. ಆಮೇಲೆ ನಿಧಾನ ಮಾಡಿಕೊಳ್ಳಲಿ. ಎಂಟು ವಾರದ್ದನ್ನು ಎಂಟು ತಿಂಗಳು ಮಾಡಿದರೂ ತಪ್ಪಿಲ್ಲ. ಇನ್ನೂ ಮುಂದಕ್ಕೆ, ಪಿಯು ಮುಗಿಯುವಾಗ, ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡಿಗ್ರಿಯೂ ಇದೆ. ಅದಕ್ಕೆ ಜೆಇಇ ಬೇಡ.

ಎಸ್‌ಪಿ ರೋಡ್ ಗಿರಾಕಿ

ಲ್ಯಾಪ್‌ಟಾಪ್ ಎಷ್ಟು ಹಳೆಯದು ಮೇಡಂ? ಆ 45 ಸಾವಿರದಲ್ಲಿ ಸ್ವಲ್ಪ ತೆಗೆದು 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡಿಸ್ಕ್) ಹಾಕಿಸಿ. ಎಸ್‌ಪಿ ರೋಡಲ್ಲಿ ನಿಂತಲ್ಲೇ ಹಾಕಿಕೊಡುತ್ತಾರೆ. ಎರಡು ಮೂರು ಅಂಗಡಿ ವಿಚಾರಿಸಿ, ಬಿಲ್ ಕೇಳಿ ತಗೊಳ್ಳಿ. ಅದಕ್ಕೆ ಹಾಕಿದ ದುಡ್ಡು ಯಾವ ಕೋರ್ಸಿಗೆ ಹಾಕಿದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ವಿಜಯನಗರದ ಅಮ್ಮ

ಆನ್ ಆಗಲಿಕ್ಕೇ ಐದು ನಿಮಿಷ ಬೇಕು ಅದಕ್ಕೆ. ಈ ಭಾನುವಾರ ಅವರಪ್ಪ ವಿಚಾರಿಸಿಕೊಂಡು ಬರುತ್ತಾರೆ, ಸೋಮವಾರ ಹಾಕಿಸುತ್ತೇವೆ.

ಒಂದು ಪ್ರಶ್ನೆ. ನಮಗಿಬ್ಬರಿಗೂ ಕಂಪ್ಯೂಟರ್ ಬರುವುದಿಲ್ಲ. ಅವಳು ಎಲ್ಲಾದರೂ ಸಿಕ್ಕಿಕೊಂಡರೆ ನಾನೇನು ಮಾಡಲಿ? ಆ ಕಂಪನಿಯವರು ನನ್ನನ್ನು ಹಿಡಿದದ್ದೇ ಅಲ್ಲಿ. ‘ನೀವು ಹೇಳಿಕೊಡ್ತೀರಾ?’ ಅಂದರು. ಬಾಯಿ ಕಟ್ಟಿಹೋಯಿತು.

ಕೆಂಗೇರಿ ಅಪ್ಪ

ಆ ಮಾತಿಗೆ ನಾನೂ ಬಿದ್ದೆ ಅಕ್ಕ. ನನ್ನ ಅನುಭವ ಹೇಳಲಾ? ಈಗ ಮಗ ಸಿಎಸ್50 ಮಾಡುತ್ತಿದ್ದಾನೆ. ದಿನಾ ರಾತ್ರಿ ಊಟ ಆದ ಮೇಲೆ ಅವನ ಪಕ್ಕ ಕೂರುತ್ತೇನೆ. ‘ಇವತ್ತು ಏನು ಮಾಡಿದೆ, ನನಗೆ ಹೇಳು’ ಅಂತೀನಿ. ನನಗೆ ಅರ್ಥವಾಗುವ ಹಾಗೆ ಹೇಳಬೇಕು, ಅದೊಂದೇ ಷರತ್ತು. ಮೊನ್ನೆ ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿ, ‘ಅಪ್ಪ ಇರು, ಇಲ್ಲೇ ತಪ್ಪಿದೆ’ ಅಂತ ತಾನೇ ಓಡಿದ. ನಾನು ಒಂದು ಅಕ್ಷರ ಹೇಳಿಕೊಟ್ಟಿರಲಿಲ್ಲ.

ಮಾಗಡಿ ರೋಡ್ ಮಾಸ್ತರ

ಇದಕ್ಕಿಂತ ಒಳ್ಳೆಯ ಪಾಠ ನನಗೂ ಗೊತ್ತಿಲ್ಲ. ಮತ್ತೆ, ವಾರಿಗೆಯ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಒಬ್ಬಳೇ ಕೂತು ಕಲಿಯುವ ಹುಡುಗಿ ಮೂರನೇ ವಾರಕ್ಕೆ ಸೋಲುತ್ತಾಳೆ. ಜೊತೆಗಾತಿ ಇದ್ದರೆ ಅವಳ ಎದುರು ಬಿಟ್ಟುಕೊಡುವುದಿಲ್ಲ. ನಮ್ಮ ಶನಿವಾರದ ಗುಂಪಿನಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ವಿಜಯನಗರ ನಮಗೆ ದೂರ ಅಲ್ಲ. ನಿಮಗೆ ಒಪ್ಪಿಗೆಯಾದರೆ ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿಸುತ್ತೇನೆ. ನೀವೂ ಜೊತೆಗೆ ಬಂದು ಕೂರಿ.

ವಿಜಯನಗರದ ಅಮ್ಮ

ಖಂಡಿತ ಬರುತ್ತೇವೆ ಸರ್. ತುಂಬಾ ಉಪಕಾರವಾಯಿತು.

ಪಿಯು ಮೇಷ್ಟ್ರು

ಫಿಸಿಕ್ಸ್ ಏನಾದರೂ ಕೇಳುವುದಿದ್ದರೆ ನನ್ನನ್ನು ಕೇಳಿ. ನಾನೂ ಒಂದು ಶನಿವಾರ ಮಾಸ್ತರ ಶಾಲೆಗೆ ಬರಬಹುದಾ?

ಮಾಗಡಿ ರೋಡ್ ಮಾಸ್ತರ

ಬನ್ನಿ ಸರ್, ಖಂಡಿತ.

ವಿಜಯನಗರದ ಅಮ್ಮ

ಮಂಗಳವಾರ ರಾತ್ರಿ ಬರೆಯುತ್ತಿದ್ದೇನೆ. ರ್‍ಯಾಮ್, ಎಸ್‌ಎಸ್‌ಡಿ ಹಾಕಿಸಿದೆವು. ಈಗ ಬೇಗ ಆನ್ ಆಗುತ್ತದೆ. ಕಂಪನಿಯವರು ಮತ್ತೆ ಫೋನ್ ಮಾಡಿದರು, ಬೇಡ ಅಂದೆ.

ರಂಗೋಲಿಯ ಕೆಳಗಿನ ಅರ್ಧ ಬಂದಿದೆ, ಆದರೆ ಏನೋ ಸರಿ ಇಲ್ಲ. ಅವಳೇ ಟೈಪ್ ಮಾಡುತ್ತಾಳಂತೆ, ಇಲ್ಲಿಂದ ಅವಳ ಮಾತು:

ನಮಸ್ತೆ ಅಂಕಲ್, ಆಂಟಿ. ಮೇಲಿನ ಅರ್ಧಕ್ಕೆ 6ರಿಂದ 11ರವರೆಗೆ ಒಂದು ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಹಾಕಿದೆ. ಕೆಳಗಿನದಕ್ಕೆ 11ರಿಂದ 6ರವರೆಗೆ ಇನ್ನೊಂದು ಲೂಪ್. ಖಾಲಿ ಜಾಗ 11 ಕಳೆ ಚುಕ್ಕಿ. ಎಲ್ಲ ಸಾಲೂ ಸರಿಯಾಗಿ ಬರುತ್ತೆ. ಆದರೂ ಅಮ್ಮನ ರಂಗೋಲಿ ಥರ ಕಾಣಿಸ್ತಿಲ್ಲ. ನಡುವೆ ದಪ್ಪ ಆಗಿದೆ. ಅಮ್ಮ ನೋಡಿದ ತಕ್ಷಣ ತಪ್ಪು ಅಂದರು, ಆದರೆ ಯಾಕೆ ಅಂತ ಅವರಿಗೂ ಹೇಳೋಕಾಗ್ಲಿಲ್ಲ.

ಬನಶಂಕರಿ ಎರಡನೇ ಹಂತ

ನಾನು ಎಐಗೆ ಕೇಳಿ ಉತ್ತರ ತಂದಿದ್ದೇನೆ, ಹಾಕಲಾ?

ಸೆಕೆಂಡ್ ಪಿಯು ಹುಡುಗ

ಬೇಡ ಅಂಕಲ್, ಪ್ಲೀಸ್! ತಂಗಿ, ಪರದೆ ಮೇಲೆ ಒಟ್ಟು ಎಷ್ಟು ಸಾಲು ಬಂದಿದೆ ಎಣಿಸು. ಆಮೇಲೆ ಅಮ್ಮ ನೆಲದ ಮೇಲೆ ಹಾಕಿದ್ದರಲ್ಲಿ ಎಷ್ಟು ಸಾಲಿದೆ ಎಣಿಸು.

ವಿಜಯನಗರದ ಅಮ್ಮ

ಪರದೆ ಮೇಲೆ 12. ಅಮ್ಮಂದು 11.

11 ಚುಕ್ಕಿ ಸಾಲು ಎರಡು ಸಲ ಬಂದಿದೆ ಅಣ್ಣ!! ಮೇಲಿನ ಲೂಪ್ ಅದನ್ನು ಹಾಕಿ ಮುಗಿಸಿರುತ್ತೆ, ಕೆಳಗಿನದು ಮತ್ತೆ ಅದರಿಂದಲೇ ಶುರು ಮಾಡುತ್ತೆ. 10ರಿಂದ ಶುರು ಮಾಡಬೇಕು. ಮಾಡಿದೆ. ಬಂತು. ಅಮ್ಮ ಸರಿ ಅಂದರು.

ಬನಶಂಕರಿ ಎರಡನೇ ಹಂತ

ಶಭಾಷ್ ಮಗಳೇ. ಎಐ ಹೇಳಿದ್ದೂ ಅದನ್ನೇ. ನೀನೇ ಹುಡುಕಿದ್ದು ನನಗೆ ಜಾಸ್ತಿ ಖುಷಿ ಕೊಟ್ಟಿತು.

ಸೆಕೆಂಡ್ ಪಿಯು ಹುಡುಗ

ಈಗ 11 ಅನ್ನೋ ಸಂಖ್ಯೆ ತೆಗೆದು, ಯಾವ ಅಳತೆ ಕೇಳಿದರೂ ಬರೋ ಹಾಗೆ ಮಾಡು. 15ರಿಂದ 8 ಕೊಟ್ಟು ನೋಡು. ಮುಗಿದ ಮೇಲೆ ಸಿಎಸ್50 ಶುರು ಮಾಡು, ಮಾರಿಯೋ ನಿನಗೆ ಹತ್ತು ನಿಮಿಷ.

ವಿಜಯನಗರದ ಅಮ್ಮ

ಒಂಬತ್ತೂವರೆ ಆಯಿತು, ನಾಳೆ ಶಾಲೆ ಇದೆ, ಮಲಗು ಅಂದರೆ ‘15ರಿಂದ 8 ಒಂದೇ ಒಂದು ಸಲ ಅಮ್ಮ’ ಅಂತ ಕೂತಿದ್ದಾಳೆ. ಮಾಸ್ತರೇ, ಶನಿವಾರ ಎಷ್ಟು ಗಂಟೆಗೆ ಬರಬೇಕು ಹೇಳಿ.